ಕೂದಲು ಉದುರಿದರೆ: ಕಾರಣ ಮೊದಲು, ಎಣ್ಣೆ ಆಮೇಲೆ



ಕೂದಲಿಗೆ ನಮ್ಮ ಕನ್ನಡದಲ್ಲಿ ಎಷ್ಟೊಂದು ಹೆಸರುಗಳು! ಕೇಶ, ಕುರುಳು, ಮುಂಗುರುಳು, ಮುಡಿ, ತುರುಬು, ಜಡೆ, ಹೆರಳು. ರನ್ನ ಕವಿಯ 'ಗದಾಯುದ್ಧ'ದಲ್ಲಿ ಭೀಮನ ಪ್ರತಿಜ್ಞೆಯೆಲ್ಲ ದ್ರೌಪದಿಯ ಬಿಚ್ಚಿದ ಮುಡಿಯ ಸುತ್ತಲೇ ನಿಂತಿದೆ. ಅಕ್ಕಮಹಾದೇವಿಯನ್ನು ಚಿತ್ರಿಸುವವರು ಆಕೆಯ ಕೇಶರಾಶಿಯನ್ನೇ ಉಡುಗೆಯಾಗಿ ಬರೆಯುತ್ತಾರೆ. ಇಷ್ಟು ಮಾನ ಪಡೆದ ಕೂದಲು ಹಣಿಗೆಯ ತುಂಬ ಬರತೊಡಗಿದಾಗ ಮನಸ್ಸಿಗೆ ಕಳವಳವಾಗುವುದು ಸಹಜ. ಆ ಕಳವಳದಲ್ಲಿ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ಯಾವ ಎಣ್ಣೆ ಹಚ್ಚಬೇಕು?" ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: "ಯಾಕೆ ಉದುರುತ್ತಿದೆ?" ಈ ಎರಡನೆಯ ಪ್ರಶ್ನೆಯ ಮಹತ್ವವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಕೂದಲಿನ ಬಾಳು

ಕೂದಲು ಹುಟ್ಟುವುದು ಚರ್ಮದೊಳಗಿನ ಒಂದು ಸಣ್ಣ ಗುಣಿಯಲ್ಲಿ. ಅದಕ್ಕೆ ಕೇಶಕೂಪವೆಂದು ಹೆಸರು. ಕೂಪವೆಂದರೆ ಬಾವಿ. ಬಾವಿಯ ತಳದಲ್ಲಿರುವ ಬುಡಕ್ಕೆ ಮಾತ್ರ ಜೀವವಿದೆ. ಅದು ರಕ್ತದಿಂದ ಆಹಾರ ಪಡೆಯುತ್ತದೆ. ಹೊರಗೆ ಕಾಣುವ ಎಳೆಯು ಕೆರಾಟಿನ್ ಎಂಬ ಪ್ರೋಟೀನಿನಿಂದಾದ ನಿರ್ಜೀವ ವಸ್ತು. ಆದ್ದರಿಂದಲೇ ಕತ್ತರಿಸಿದರೆ ನೋವಾಗುವುದಿಲ್ಲ. ತಲೆ ಬೋಳಿಸಿದರೆ ಕೂದಲು ದಟ್ಟವಾಗಿ ಬರುತ್ತದೆಂಬ ನಂಬಿಕೆಯೂ ಇದರಿಂದಲೇ ಸುಳ್ಳಾಗುತ್ತದೆ. ಕತ್ತಿಯು ಬುಡವನ್ನು ಮುಟ್ಟುವುದೇ ಇಲ್ಲ. ಹರಕೆಯ ಮುಡಿ ಶ್ರದ್ಧೆಯ ಮಾತು, ಅದು ಬೇರೆ.

ಒಬ್ಬರ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ಪ್ರತಿಯೊಂದೂ 2 ರಿಂದ 7 ವರ್ಷ ಬೆಳೆಯುತ್ತದೆ, ಎರಡು ಮೂರು ವಾರ ಕುಗ್ಗುತ್ತದೆ, ಸುಮಾರು 3 ತಿಂಗಳು ವಿಶ್ರಮಿಸಿ ಉದುರುತ್ತದೆ. ಅದೇ ಬಾವಿಯಲ್ಲಿ ಮತ್ತೆ ಹೊಸ ಕೂದಲು ಹುಟ್ಟುತ್ತದೆ. ಆದ್ದರಿಂದ ದಿನಕ್ಕೆ 50 ರಿಂದ 100 ಕೂದಲು ಉದುರುವುದು ರೋಗವಲ್ಲ. ಬೆಳವಣಿಗೆಯ ವೇಗ ತಿಂಗಳಿಗೆ ಸುಮಾರು 1 ಸೆಂಟಿಮೀಟರ್. "15 ದಿನಗಳಲ್ಲಿ ಉದ್ದ ಕೂದಲು" ಎಂಬ ಜಾಹೀರಾತನ್ನು ಕಂಡಾಗ ಈ ಲೆಕ್ಕ ಹಾಕಿರಿ: 15 ದಿನಗಳಲ್ಲಿ ಬೆಳೆಯುವುದು ಅರ್ಧ ಸೆಂಟಿಮೀಟರ್ ಮಾತ್ರ!

ಜ್ವರದ ನಂತರದ ಉದುರುವಿಕೆ

ಟೈಫಾಯ್ಡ್, ಡೆಂಗ್ಯೂದಂಥ ತೀವ್ರ ಜ್ವರ, ಹೆರಿಗೆ, ಶಸ್ತ್ರಕ್ರಿಯೆ, ಅತಿಯಾದ ಉಪವಾಸ, ದೊಡ್ಡ ದುಃಖ ಇವುಗಳಿಂದ ದೇಹಕ್ಕೆ ಪೆಟ್ಟು ಬಿದ್ದಾಗ ಅನೇಕ ಕೂದಲುಗಳು ಒಮ್ಮೆಲೇ ವಿಶ್ರಾಂತಿಗೆ ಹೋಗುತ್ತವೆ. ಎರಡು ಮೂರು ತಿಂಗಳಾದ ಮೇಲೆ ಅವೆಲ್ಲ ಒಟ್ಟಿಗೆ ಉದುರುತ್ತವೆ. ಅಷ್ಟರಲ್ಲಿ ಮನೆಯವರು ಜ್ವರವನ್ನು ಮರೆತಿರುತ್ತಾರೆ. ತಪ್ಪೆಲ್ಲ ಹೊಸ ಸಾಬೂನಿನ ಮೇಲೆ ಬರುತ್ತದೆ. ಆದರೆ ಬುಡ ಜೀವಂತವಾಗಿರುವುದರಿಂದ ಈ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿಯೇ ನಿಲ್ಲುತ್ತದೆ.

ಕೆಲವು ವರ್ಷಗಳ ಹಿಂದೆ 9ನೆಯ ಇಯತ್ತೆಯ ಒಬ್ಬ ವಿದ್ಯಾರ್ಥಿನಿಗೆ ಹೀಗೆಯೇ ಆಯಿತು. ಟೈಫಾಯ್ಡ್ ಬಂದು ವಾಸಿಯಾಗಿ ಮೂರನೆಯ ತಿಂಗಳಿಗೆ ಹೆರಳು ಬೆರಳಿನಷ್ಟು ಸಣ್ಣದಾಯಿತು. ಆಕೆ ತಲೆಯ ಮೇಲೆ ಓಢಣಿ ಹೊದ್ದು ಕೊನೆಯ ಬಾಕಿನಲ್ಲಿ ಕೂಡತೊಡಗಿದಳು. ಬಳಿಕ ಶಾಲೆಗೆ ಬರುವುದನ್ನೇ ಕಡಿಮೆ ಮಾಡಿದಳು. ತಾಯಿ ಜಾತ್ರೆಯಲ್ಲಿ ಒಂದು ಎಣ್ಣೆ ತಂದರು, ಗುಣ ಕಾಣಲಿಲ್ಲ. ಪೇಟೆಯಿಂದ ಇನ್ನೊಂದು ತಂದರು, ಕಾಣಲಿಲ್ಲ. ಬಹಳ ಬೆಲೆಯ ಮೂರನೆಯ ಎಣ್ಣೆ ಹಚ್ಚುತ್ತಿರುವಾಗ ಹಣೆಯಂಚಿನಲ್ಲಿ ಹೊಸ ಕೂದಲು ಚಿಗುರಿತು. ಕೀರ್ತಿಯೆಲ್ಲ ಆ ಮೂರನೆಯ ಎಣ್ಣೆಗೆ ಹೋಯಿತು! ಅಂದರೆ ಅದು ತಾನಾಗಿಯೇ ಚಿಗುರುವ ಕಾಲವಾಗಿತ್ತು. ಆ ಹೊತ್ತಿಗೆ ಯಾವ ಸೀಸೆ ಕೈಯಲ್ಲಿರುತ್ತದೋ ಅದಕ್ಕೆ ಹೆಸರು ಬರುತ್ತದೆ. ಎಣ್ಣೆಗೆ ಕೊಟ್ಟ ಹಣಕ್ಕಿಂತ ಆ ಹುಡುಗಿ ಕಳೆದುಕೊಂಡ ಪಾಠದ ದಿನಗಳೇ ದೊಡ್ಡ ನಷ್ಟ.

ಇತರ ಮುಖ್ಯ ಕಾರಣಗಳು

1. ರಕ್ತಹೀನತೆ: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ 15 ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಕಬ್ಬಿಣದ ಅಂಶ ಕಡಿಮೆಯಾದರೆ ಕೂದಲಿನ ಬುಡವೂ ಸೊರಗುತ್ತದೆ. ಥೈರಾಯ್ಡ್ ಗ್ರಂಥಿಯ ದೋಷದಿಂದಲೂ ಕೂದಲು ಉದುರುವುದುಂಟು. ಎರಡನ್ನೂ ರಕ್ತಪರೀಕ್ಷೆಯಿಂದ ತಿಳಿಯಬಹುದು.

2. ವಂಶದ ಗುಣ: ಗಂಡಸರಲ್ಲಿ ಹಣೆಯ ಎರಡು ಬದಿ ಹಾಗೂ ನೆತ್ತಿ, ಹೆಂಗಸರಲ್ಲಿ ಬೈತಲೆಯ ಸುತ್ತ ತೆಳುವಾಗುವುದು ಹೆಚ್ಚಾಗಿ ಇದರಿಂದ. ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ಇದು ಬರಬಹುದು. ರಕ್ತದೊತ್ತಡಕ್ಕೆಂದು ಬಂದ ಮಿನಾಕ್ಸಿಡಿಲ್ ಎಂಬ ಔಷಧ ಸೇವಿಸಿದವರ ಮೈಮೇಲೆ ಕೂದಲು ಬೆಳೆದದ್ದು ಕಂಡು, ಅದನ್ನು ತಲೆಗೆ ಹಚ್ಚುವ ದ್ರವವಾಗಿ ರೂಪಿಸಲಾಯಿತು. 1988ರಲ್ಲಿ ಅಮೆರಿಕೆಯಲ್ಲಿ ಅದಕ್ಕೆ ಅನುಮತಿ ದೊರೆಯಿತು. ಹಚ್ಚುವುದನ್ನು ಬಿಟ್ಟರೆ ಅದರ ಗುಣವೂ ಹೋಗುತ್ತದೆ. ವೈದ್ಯರ ಸಲಹೆಯಿಲ್ಲದೆ, ವಿಶೇಷವಾಗಿ ಮಕ್ಕಳು, ಇದನ್ನು ಬಳಸಕೂಡದು.

3. ನಾಣ್ಯದಗಲದ ಬೋಳು: ಮರಾಠಿಯಲ್ಲಿ ಇದಕ್ಕೆ 'ಚಾಯಿ' ಎನ್ನುತ್ತಾರೆ. ಹುಳು ತಿಂದಿದೆ ಎಂದು ಜನ ಹೇಳುವುದುಂಟು, ಹುಳು ಅಲ್ಲಿಲ್ಲ. ದೇಹದ ರಕ್ಷಣಾ ಶಕ್ತಿಯೇ ತಪ್ಪು ತಿಳಿದು ಕೂದಲ ಬುಡದ ಮೇಲೆ ಬೀಳುವುದರಿಂದ ಹೀಗಾಗುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಇಂಥ ಮಗುವನ್ನು ದೂರ ಕೂಡಿಸುವುದು ಅನ್ಯಾಯ.

4. ತಲೆಯ ಗಜಕರ್ಣ: ತುರಿಕೆ, ಹೊಟ್ಟು, ತುಂಡಾದ ಕೂದಲುಗಳಿರುವ ಬೋಳು ಮಚ್ಚೆ ಮಕ್ಕಳಲ್ಲಿ ಕಂಡರೆ ಅದು ಶಿಲೀಂಧ್ರದ ಸೋಂಕಾಗಿರಬಹುದು. ಇದು ಅಂಟುತ್ತದೆ. ಎಣ್ಣೆಯಿಂದ ವಾಸಿಯಾಗದು, ಹೊಟ್ಟೆಗೆ ಗುಳಿಗೆ ಬೇಕಾಗುತ್ತದೆ. ಒಬ್ಬರ ಹಣಿಗೆ, ಟವೆಲ್ಲು, ಟೊಪ್ಪಿಗೆ ಇನ್ನೊಬ್ಬರು ಬಳಸಬಾರದು.

5. ಬಿಗಿ ಹೆರಳು: ದಿನವೂ ಎಳೆದು ಬಿಗಿಯಾಗಿ ಹೆರಳು ಹಾಕಿದರೆ ಹಣೆಯಂಚಿನ ಕೂದಲು ಬುಡದಿಂದ ಸಡಿಲಾಗುತ್ತದೆ. ತಾಯಂದಿರು ರಿಬ್ಬನ್ ಕಟ್ಟುವಾಗ ಇದನ್ನು ನೆನಪಿಡಬೇಕು.

ಬುಲಢಾಣೆಯ ಪಾಠ

ಕಾರಣ ತಿಳಿಯುವುದು ಎಷ್ಟು ಮುಖ್ಯ ಎಂಬುದಕ್ಕೆ ನಮ್ಮ ಮಹಾರಾಷ್ಟ್ರದಲ್ಲಿಯೇ ಇತ್ತೀಚಿನ ಉದಾಹರಣೆಯಿದೆ. ನಮ್ಮ ಅಕ್ಕಲಕೋಟೆ ಸ್ವಾಮಿ ಸಮರ್ಥರಿಂದ ಹೆಸರಾದಂತೆ, ಬುಲಢಾಣಾ ಜಿಲ್ಲೆಯ ಶೇಗಾಂವ ಗಜಾನನ ಮಹಾರಾಜರಿಂದ ಹೆಸರಾದ ಊರು. 2024ರ ಡಿಸೆಂಬರ್ ಮತ್ತು 2025ರ ಜನವರಿಯಲ್ಲಿ ಆ ಭಾಗದ ಹತ್ತಾರು ಹಳ್ಳಿಗಳಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಜನರ ಕೂದಲು ಮೂರು ನಾಲ್ಕು ದಿನಗಳಲ್ಲಿ ಹಿಡಿ ಹಿಡಿಯಾಗಿ ಕೈಗೆ ಬಂತು. ಹೆಣ್ಣುಮಕ್ಕಳು ಹೊರಗೆ ಬರಲು ಅಂಜಿದರು. ಮೊದಲು ನೀರಿನ ಮೇಲೆ ಸಂಶಯ, ಬಳಿಕ ಶಿಲೀಂಧ್ರದ ಮೇಲೆ ಸಂಶಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರು ಬಂದು ಮಾದರಿಗಳನ್ನು ಒಯ್ದರು. ಚೇಳಿನ ವಿಷಕ್ಕೆ ಚಿಕಿತ್ಸೆ ರೂಪಿಸಿ ಹೆಸರಾದ, ಮಹಾಡದ ವೈದ್ಯ ಡಾ. ಹಿಮ್ಮತರಾವ ಬಾವಸ್ಕರ ಅವರು ಆ ಜನ ತಿನ್ನುತ್ತಿದ್ದ ಪಡಿತರದ ಗೋಧಿಯನ್ನು ಪರೀಕ್ಷೆ ಮಾಡಿಸಿ, ಅದರಲ್ಲಿ ಸೆಲೆನಿಯಮ್ ಎಂಬ ಖನಿಜಾಂಶ ಬಹಳ ಹೆಚ್ಚಾಗಿದೆ ಎಂದು 2025ರ ಫೆಬ್ರವರಿಯಲ್ಲಿ ಹೇಳಿದರು. ಆ ಗೋಧಿ ಬಿಟ್ಟ ಕೆಲವರಿಗೆ ಐದಾರು ವಾರಗಳಲ್ಲಿ ಕೂದಲು ಮರಳಿ ಬರತೊಡಗಿತೆಂದೂ ತಿಳಿಸಿದರು.

ಸೆಲೆನಿಯಮ್ ನಮ್ಮ ದೇಹಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಬೇಕಾದ ವಸ್ತುವೇ. ಅದು ಮಿತಿಮೀರಿದರೆ ಕೂದಲು, ಉಗುರು ಎರಡೂ ಉದುರುತ್ತವೆ. 'ಎ' ಜೀವಸತ್ವದ ಗುಣವೂ ಹೀಗೆಯೇ. "ಕೂದಲಿಗೆ ಒಳ್ಳೆಯದು" ಎಂದು ಪೇಟೆಯ ಗುಳಿಗೆಗಳನ್ನು ಮನಸ್ಸಿಗೆ ಬಂದಂತೆ ನುಂಗುವವರು ಇದನ್ನು ಯೋಚಿಸಬೇಕು. ಆ ಹಳ್ಳಿಗರು ತಲೆಗೆ ಏನೇ ಹಚ್ಚಿದ್ದರೂ, ತಟ್ಟೆಯಲ್ಲಿದ್ದ ಕಾರಣ ಹೋಗುತ್ತಿರಲಿಲ್ಲ.

ಮನೆಮದ್ದು ಮಾಡುವುದೇನು, ಮಾಡದಿರುವುದೇನು?

ಹಾಗಾದರೆ ನಮ್ಮ ಅಜ್ಜಿಯರ ಮದ್ದುಗಳೆಲ್ಲ ವ್ಯರ್ಥವೇ? ಖಂಡಿತ ಅಲ್ಲ. ಒಂದೊಂದರ ಕೆಲಸವನ್ನು ತಿಳಿದು ಬಳಸಬೇಕು.

ಕೊಬ್ಬರಿ ಎಣ್ಣೆ: ಇದು ಎಳೆಯೊಳಗೆ ಇಳಿದು, ತೊಳೆಯುವಾಗ ಪ್ರೋಟೀನು ಸೋರಿಹೋಗುವುದನ್ನು ಕಡಿಮೆ ಮಾಡುತ್ತದೆ ಎಂದು 2003ರಲ್ಲಿ ಪ್ರಕಟವಾದ ಮುಂಬಯಿಯ ಒಂದು ಸಂಶೋಧನೆ ತೋರಿಸಿತು. ಆ ಸಂಶೋಧಕರು ಎಣ್ಣೆ ತಯಾರಿಸುವ ಕಂಪನಿಯವರೆಂಬುದನ್ನೂ ಗಮನಿಸಬೇಕು. ಎಳೆ ತುಂಡಾಗುವುದು ಇದರಿಂದ ಕಡಿಮೆಯಾದೀತು. ಹೊಸ ಕೂದಲು ಹುಟ್ಟುತ್ತದೆಂದು ಅದು ಹೇಳುವುದಿಲ್ಲ. ತಲೆಹೊಟ್ಟು ಇರುವವರು ಎಣ್ಣೆಯನ್ನು ರಾತ್ರಿಯಿಡೀ ಬಿಟ್ಟರೆ ಹೊಟ್ಟು ಹೆಚ್ಚಾಗುವ ಸಂಭವವುಂಟು.

ಮೆಂತೆ, ದಾಸವಾಳದ ಎಲೆ: ಇವುಗಳ ಲೋಳೆಯಿಂದ ಕೂದಲು ಮೃದುವಾಗಿ ಸಿಕ್ಕುಗಟ್ಟುವುದು ಕಡಿಮೆಯಾಗುತ್ತದೆ. ಬೋರಿನ ಸವಳು ನೀರಿನಲ್ಲಿ ಎರೆದುಕೊಂಡು ಕೂದಲು ಒರಟಾಗುವ ನಮ್ಮ ಕಡೆಯವರಿಗೆ ಇದು ಉಪಯುಕ್ತ.

ಸೀಗೆಕಾಯಿ, ಅಂಟವಾಳ: ಇವು ನೊರೆ ಕೊಟ್ಟು ಜಿಡ್ಡು ತೆಗೆಯುತ್ತವೆ. ಕಣ್ಣಿಗೆ ಬೀಳದಂತೆ ಜಾಗ್ರತೆ ಬೇಕು.

ಗರಗದ ಸೊಪ್ಪು: ಮರಾಠಿಯ ಮಾಕಾ, ಸಂಸ್ಕೃತದ ಭೃಂಗರಾಜ. ಕಾಲುವೆಯ ದಂಡೆಯಲ್ಲಿ ತಾನಾಗಿ ಬೆಳೆಯುತ್ತದೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಗುಣ ಕಂಡಿದೆ. ಅದು ಮನುಷ್ಯರ ಮೇಲೆ ದೊಡ್ಡ ಪ್ರಯೋಗಗಳಿಂದ ಸಿದ್ಧವಾಗಬೇಕು.

ಉಳ್ಳಾಗಡ್ಡಿಯ ರಸ: ಸೊಲ್ಲಾಪುರದ ಮಾರುಕಟ್ಟೆಯಿರುವ ನಮಗೆ ಉಳ್ಳಾಗಡ್ಡಿಗೆ ಬರವಿಲ್ಲ! 2002ರಲ್ಲಿ ಪ್ರಕಟವಾದ ಬಾಗ್ದಾದಿನ ವೈದ್ಯರ ಅಧ್ಯಯನದಲ್ಲಿ, ನಾಣ್ಯದಗಲದ ಬೋಳಿಗೆ ದಿನಕ್ಕೆರಡು ಸಲ ಈ ರಸ ಹಚ್ಚಿದ 23 ಜನರಲ್ಲಿ 20 ಜನರಿಗೆ ಆರು ವಾರಗಳಲ್ಲಿ ಕೂದಲು ಬಂತು. ಬರೀ ನೀರು ಹಚ್ಚಿದ 15 ಜನರಲ್ಲಿ ಇಬ್ಬರಿಗೆ ಬಂತು. ವಿದ್ಯಾರ್ಥಿಗಳೇ, ನೀರು ಹಚ್ಚಿದವರನ್ನು ಯಾಕೆ ಲೆಕ್ಕಕ್ಕೆ ತೆಗೆದುಕೊಂಡರು? ತಾನಾಗಿ ಬರುವ ಕೂದಲೆಷ್ಟು, ರಸದಿಂದ ಬಂದದ್ದೆಷ್ಟು ಎಂದು ಹೋಲಿಸಲು. ಮೂರನೆಯ ಎಣ್ಣೆಯ ಕಥೆಯಲ್ಲಿ ಇಲ್ಲದ್ದು ಈ ಹೋಲಿಕೆಯೇ. ಆದರೂ ಇದು ಕೆಲವೇ ಜನರ ಮೇಲಿನ, ಒಂದೇ ಬಗೆಯ ಬೋಳಿನ ಪ್ರಯೋಗ. ವಂಶದಿಂದ ಬಂದ ಬೋಳಿಗೆ ಇದನ್ನು ಅನ್ವಯಿಸಲಾಗದು. ರಸದಿಂದ ಉರಿ, ಕೆಂಪು ಬಂದರೆ ನಿಲ್ಲಿಸಬೇಕು.

ಹೇನಿಗೆಂದು ಸೀಮೆಎಣ್ಣೆ ಹಚ್ಚುವುದನ್ನಂತೂ ಯಾರೂ ಮಾಡಕೂಡದು. ಚರ್ಮ ಸುಡುತ್ತದೆ; ಒಲೆಯ ಹತ್ತಿರ ಹೋದರೆ ಜೀವಕ್ಕೇ ಅಪಾಯ. ಮೊದಲ ಸಲ ಯಾವುದೇ ರಸ, ಎಣ್ಣೆ ಬಳಸುವಾಗ ಮುಂಗೈಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಬೇಕು.

ತಟ್ಟೆಯಲ್ಲಿರುವ ಮದ್ದು

ಬುಡಕ್ಕೆ ಆಹಾರ ಹೋಗುವುದು ರಕ್ತದಿಂದ. ಆದ್ದರಿಂದ ನಮ್ಮ ಸೀಮೆಯ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಮೆಂತೆಪಲ್ಯ, ರಾಜಗಿರಿ, ಕಾಳುಪಲ್ಯ, ಶೇಂಗಾ ಚಟ್ನಿ, ಅಗಸಿ ಹಿಂಡಿ, ಗುರೆಳ್ಳು, ಹಾಲು ಮೊಸರು ಇವೇ ಮೊದಲ ಮದ್ದು. ತಿನ್ನುವವರಿಗೆ ತತ್ತಿಯೂ ಒಳ್ಳೆಯದು. ಊಟದ ಜೊತೆ ನಿಂಬೆ ಅಥವಾ ನೆಲ್ಲಿಕಾಯಿ ಇದ್ದರೆ ಸೊಪ್ಪು ಕಾಳುಗಳ ಕಬ್ಬಿಣ ದೇಹಕ್ಕೆ ಚೆನ್ನಾಗಿ ಹಿಡಿಯುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಅದು ಕಡಿಮೆಯಾಗುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ನೀಲಿ ಗುಳಿಗೆಯನ್ನು ಕಿಟಕಿಯಿಂದ ಎಸೆಯದೆ, ಊಟದ ನಂತರ ನುಂಗಿರಿ.

ಮನೆಯಲ್ಲಿ ಮಾಡಿ ನೋಡಿರಿ

ಉದುರಿದ ಒಂದು ಕೂದಲನ್ನು ಕರಿ ಬಟ್ಟೆಯ ಮೇಲಿಟ್ಟು ನೋಡಿರಿ. ತುದಿಯಲ್ಲಿ ಸಣ್ಣ ಬಿಳಿ ಗಂಟಿದ್ದರೆ ಅದು ಬುಡದಿಂದ ಬಂದದ್ದು; ಕಾರಣವನ್ನು ಕಾಯಿಲೆ, ಆಹಾರಗಳಲ್ಲಿ ಹುಡುಕಬೇಕು. ಗಂಟಿಲ್ಲದಿದ್ದರೆ ಅದು ನಡುವೆ ತುಂಡಾದದ್ದು. ಹಣಿಗೆ, ನೀರು, ಬಿಗಿ ಹೆರಳುಗಳನ್ನು ವಿಚಾರಿಸಬೇಕು. ನಂತರ ಹಿಂದಿನ ಮೂರು ತಿಂಗಳಲ್ಲಿ ಜ್ವರ ಬಂದಿತ್ತೇ ಎಂದು ನೆನಪು ಮಾಡಿಕೊಳ್ಳಿರಿ. ಬೋಳು ಮಚ್ಚೆ, ತುರಿಕೆ, ಕೀವು ಕಂಡರೆ, ಅಥವಾ ಆರು ತಿಂಗಳಾದರೂ ಉದುರುವುದು ನಿಲ್ಲದಿದ್ದರೆ ತಡಮಾಡದೆ ದವಾಖಾನೆಯ ಚರ್ಮರೋಗ ವೈದ್ಯರಿಗೆ ತೋರಿಸಬೇಕು.

ಕೊನೆಯದಾಗಿ, "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆ ಎಲ್ಲರಿಗೂ ಗೊತ್ತು. ಕೂದಲಿನ ವಿಷಯದಲ್ಲಿ ಅದರ ಎರಡು ಭಾಗಗಳೂ ಸಲ್ಲುತ್ತವೆ. ಊಟದ ಮಾತಾಯಿತು. ಇನ್ನು ಮಾತಿನ ವಿಷಯ. ತಲೆ ಮುಚ್ಚಿಕೊಂಡು ಬಂದ ಗೆಳತಿಯನ್ನು ಕಂಡು ನಗುವುದು, ಬೋಳಾದ ಗೆಳೆಯನಿಗೆ ಅಡ್ಡಹೆಸರಿಡುವುದು ಯಾವ ಎಣ್ಣೆಯಿಂದಲೂ ಮಾಯದ ಗಾಯ. ಕೂದಲು ಮರಳಿ ಬರಬಹುದು, ಬಾರದೆಯೂ ಇರಬಹುದು. ಬಂದರೂ ಬಾರದಿದ್ದರೂ ಆ ಮಗು ತರಗತಿಯ ಮೊದಲ ಬಾಕಿನಲ್ಲಿ ತಲೆಯೆತ್ತಿ ಕೂಡುವಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಕೈಯಲ್ಲಿದೆ.