ಲಿಫ್ಟ್ ಎತ್ತುತ್ತಿರಲಿಲ್ಲ, ಪಂಪ್ ಕೆಟ್ಟಿರಲಿಲ್ಲ

ಹೋದ ಬೇಸಿಗೆ ರಜೆಯಲ್ಲಿ ನಾವು ನಾಲ್ಕು ಜನ ಮೆಕ್ಯಾನಿಕಲ್ ಹುಡುಗರು ನಾಗಮಂಗಲ ಕಡೆಯ ಒಂದು ಹಳ್ಳಿಗೆ ಹೋಗಿದ್ದೆವು. ಗೆಳೆಯನ ದೊಡ್ಡಪ್ಪನ ಮನೆ. ಮುದ್ದೆ, ಸೊಪ್ಪಿನ ಸಾರು, ಕೆರೆ ಈಜು ಅಂತ ಹೋದವರಿಗೆ ಎರಡನೇ ದಿನವೇ ಕೆಲಸ ಸಿಕ್ಕಿತು. ರಾತ್ರಿ ಒಳ್ಳೆ ಮಳೆ. ಬೆಳಗ್ಗೆ ಹೊಲದಲ್ಲಿ ಹದ ಬಂದಿದೆ. ಆದರೆ ಅಂಗಳದಲ್ಲಿ ನಿಂತಿದ್ದ ಹಳೆಯ ಟ್ರ್ಯಾಕ್ಟರ್ ಸ್ಟಾರ್ಟ್ ಏನೋ ಆಯಿತು, ಹಿಂದಿನ ಕಲ್ಟಿವೇಟರ್ ಮಾತ್ರ ನೆಲ ಬಿಟ್ಟು ಏಳಲಿಲ್ಲ.

"ಎತ್ತಾಕಿಲ್ಲ ಅಂತದೆ ಕಣ್ರಪ್ಪ. ಇಂಜಿನಿಯರ್ ಓದ್ತಾ ಇದ್ದೀರಲ್ಲ, ನೋಡಿ ಒಸಿ" ಅಂದರು ದೊಡ್ಡಪ್ಪ.

ಟೌನಿನ ಮೆಕ್ಯಾನಿಕ್ ಫೋನಿನಲ್ಲೇ ತೀರ್ಪು ಕೊಟ್ಟಿದ್ದರು: ಪಂಪ್ ಹೋಗಿದೆ, ಹೊಸದು ಹಾಕಿಸಿ, ಒಂದು ವಾರ ಆಗುತ್ತೆ. ಒಂದು ವಾರ ಹದ ಕಾಯುವುದಿಲ್ಲ. ಬಾಡಿಗೆ ಟ್ರ್ಯಾಕ್ಟರ್‌ಗೆ ಊರಲ್ಲಿ ಎಲ್ಲರೂ ಒಟ್ಟಿಗೇ ಸಾಲು ನಿಂತಿದ್ದರು. ಹೈಡ್ರಾಲಿಕ್ಸ್ ಪೇಪರ್‌ನಲ್ಲಿ ಒಳ್ಳೆ ಮಾರ್ಕ್ಸ್ ತೆಗೆದಿದ್ದ ನಾವು ಆ ತೀರ್ಪಿಗೆ ತಲೆಯಾಡಿಸಿಬಿಟ್ಟೆವು. ಅದು ಯಾಕೆ ತಪ್ಪು, ನಿಜವಾದ ದೋಷ ಸಿಕ್ಕಿದ್ದು ಹೇಗೆ ಅನ್ನುವುದೇ ಈ ಲೇಖನ.

ಮೊದಲು ಯಂತ್ರ ಅರ್ಥ ಮಾಡಿಕೊಳ್ಳೋಣ. ನಮ್ಮ ಪುಸ್ತಕದ ಸರ್ಕ್ಯೂಟ್ ನೆನಪಿದೆಯಲ್ಲ? ಟ್ಯಾಂಕ್, ಜಾಲರಿ, ಪಂಪ್, ರಿಲೀಫ್ ವಾಲ್ವ್, ಆಮೇಲೆ ಡೈರೆಕ್ಷನ್ ಕಂಟ್ರೋಲ್ ವಾಲ್ವ್, ಕೊನೆಗೆ ಸಿಲಿಂಡರ್. ಪಂಪ್ ಯಾವಾಗಲೂ ಆಯಿಲ್ ತಳ್ಳುತ್ತಲೇ ಇರುತ್ತೆ, ಅದರ ಮುಂದೆ ಕೂತ ವಾಲ್ವ್ ದಾರಿ ತೋರಿಸುತ್ತೆ. ಆದರೆ ನಮ್ಮ ಮುಂದೆ ನಿಂತಿದ್ದು ಫರ್ಗುಸನ್ ಪದ್ಧತಿಯ ಲಿಫ್ಟ್. ಐರ್ಲೆಂಡಿನ ಹ್ಯಾರಿ ಫರ್ಗುಸನ್ 1920ರ ದಶಕದಲ್ಲಿ ಪೇಟೆಂಟ್ ಪಡೆದ ಕಲ್ಪನೆ ಇದು. 1938ರಲ್ಲಿ ಅವರು ಹೆನ್ರಿ ಫೋರ್ಡ್ ಜೊತೆ ಬರೀ ಕೈ ಕುಲುಕಿ ಒಪ್ಪಂದ ಮಾಡಿಕೊಂಡರು. ಮರುವರ್ಷ ಫೋರ್ಡ್ 9ಎನ್ ಟ್ರ್ಯಾಕ್ಟರ್ ಬಂತು. ಯುದ್ಧ ಮುಗಿದ ಮೇಲೆ 1946ರಿಂದ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಟಿಇ20 ತಯಾರಾಯಿತು. ಇಂದು ಯಾವ ಕಂಪನಿಯ ಟ್ರ್ಯಾಕ್ಟರ್ ಹಿಂದೆ ನೋಡಿದರೂ ಕಾಣುವ ತ್ರೀ ಪಾಯಿಂಟ್ ಲಿಂಕೇಜ್, ಅಂದರೆ ಕೆಳಗೆ ಎರಡು ತೋಳು, ಮೇಲೆ ಒಂದು ಟಾಪ್ ಲಿಂಕ್, ಅವರದೇ ಬಳುವಳಿ.

ಈ ಹಳೆಯ ಪದ್ಧತಿಯಲ್ಲಿ ಮೂರು ವಿಶೇಷ ಇದೆ. ಪಂಪ್ ಹಿಂದಿನ ಹೌಸಿಂಗ್ ಒಳಗೆ ಆಯಿಲಿನಲ್ಲೇ ಮುಳುಗಿರುತ್ತೆ. ಗೇರಿಗೂ ಲಿಫ್ಟಿಗೂ ಒಂದೇ ಆಯಿಲ್. ಪಂಪನ್ನು ತಿರುಗಿಸುವುದು ಪಿಟಿಒ ಶಾಫ್ಟ್. ಮೂರನೆಯದು ನಮ್ಮನ್ನು ಯಾಮಾರಿಸಿದ್ದು: ಕಂಟ್ರೋಲ್ ವಾಲ್ವ್ ಪಂಪಿನ ಮುಂದೆ ಅಲ್ಲ, ಹಿಂದೆ, ಅಂದರೆ ಸಕ್ಷನ್ ಕಡೆ ಇದೆ. ಲಿಫ್ಟ್ ಎತ್ತಬೇಕಾದಾಗ ವಾಲ್ವ್ ಪಂಪಿಗೆ ಆಯಿಲ್ ಬಿಡುತ್ತೆ. ಬೇಡವಾದಾಗ ಬಾಯಿ ಮುಚ್ಚುತ್ತೆ. ಪಂಪ್ ತಿರುಗುತ್ತಿದ್ದರೂ ಕುಡಿಯಲು ಏನೂ ಇರುವುದಿಲ್ಲ. ಇಳಿಸುವಾಗ ಸಿಲಿಂಡರಿನ ಆಯಿಲನ್ನು ಹೊರಗೆ ಬಿಡುತ್ತೆ. ಸಿಲಿಂಡರ್ ಸಿಂಗಲ್ ಆಕ್ಟಿಂಗ್, ಆದ್ದರಿಂದ ಇಳಿಯುವುದು ಕಲ್ಟಿವೇಟರಿನ ಸ್ವಂತ ಭಾರದಿಂದಲೇ. ಲಿಫ್ಟ್ ಕೆಳಗೆ ಒತ್ತುವುದಿಲ್ಲ.

ಈಗ ತಪಾಸಣೆ. ಸ್ಪ್ಯಾನರ್ ಮುಟ್ಟುವ ಮುಂಚೆ ನೋಡಬೇಕಾದವು ಕೆಲವಿವೆ, ಬಹಳ ಸಲ ದೋಷ ಅಲ್ಲೇ ಇರುತ್ತೆ. ಪಿಟಿಒ ಲಿವರ್ ಹಾಕಿದೆಯಾ? ಅದು ನ್ಯೂಟ್ರಲ್‌ನಲ್ಲಿದ್ದರೆ ಪಂಪ್ ತಿರುಗುವುದೇ ಇಲ್ಲ. ಮಕ್ಕಳು ಸೀಟ್ ಹತ್ತಿ ಆಟ ಆಡಿದ ಮಾರನೇ ದಿನ 'ಲಿಫ್ಟ್ ಕೆಟ್ಟಿದೆ' ಅಂತ ದೂರು ಬರುವುದು ಇದರಿಂದಲೇ. ಒಂದೇ ಕ್ಲಚ್ ಇರುವ ಮಾದರಿಗಳಲ್ಲಿ ಕ್ಲಚ್ ತುಳಿದರೂ ಲಿಫ್ಟ್ ನಿಲ್ಲುತ್ತೆ, ಅದು ದೋಷ ಅಲ್ಲ. ಎರಡು ಲಿವರ್ ಇರುವ ಟ್ರ್ಯಾಕ್ಟರಿನಲ್ಲಿ ಪೊಸಿಷನ್ ಲಿವರಿನಿಂದ ಎತ್ತಬೇಕಾದರೆ ಡ್ರಾಫ್ಟ್ ಲಿವರ್ ಮ್ಯಾನ್ಯುವಲ್ ಹೇಳಿದ ಜಾಗದಲ್ಲಿ ಇರಬೇಕು. ಹಿಂದೆ ಸಿಕ್ಕಿಸಿದ ಸಾಮಾನು ಅದರ ಶಕ್ತಿಗೆ ಮೀರಿದ್ದಾ ಅನ್ನುವುದಕ್ಕೆ ಅದನ್ನು ಬಿಚ್ಚಿ ಬರೀ ತೋಳು ಏಳುತ್ತಾ ನೋಡಿ.

ನಮ್ಮದರಲ್ಲಿ ಬರೀ ತೋಳೂ ಏಳಲಿಲ್ಲ. ಪಿಟಿಒ ಶಾಫ್ಟ್ ತಿರುಗುತ್ತಿತ್ತು. ಆಮೇಲೆ ಡಿಪ್‌ಸ್ಟಿಕ್ ಎಳೆದೆವು. ಆಯಿಲ್ ಮಟ್ಟ ಮೇಲಿನ ಗೀಟಿಗಿಂತಲೂ ಮೇಲಿದೆ! 'ಕಡಿಮೆ ಇಲ್ಲವಲ್ಲ, ಸರಿ ಇದೆ' ಅಂತ ಒರೆಸಿ ವಾಪಸ್ ಹಾಕಿದೆವು. ಬಣ್ಣ ನೋಡಿಯೂ ನೋಡಲಿಲ್ಲ. ಇದು ನಮ್ಮ ಮೊದಲ ತಪ್ಪು. ಆಯಿಲ್ ಕಡಿಮೆಯಾಗುವುದಕ್ಕೆ ಹತ್ತು ಕಾರಣ ಇರಬಹುದು. ಯಾರೂ ಸುರಿಯದೆ ಜಾಸ್ತಿ ಹೇಗಾಗುತ್ತೆ ಅಂತ ಕೇಳಿಕೊಳ್ಳಬೇಕಿತ್ತು.

ಎರಡನೆಯದು ಇನ್ನೂ ನಾಜೂಕಾದ ತಪ್ಪು. ಲಿಫ್ಟ್ ಕವರ್ ಮೇಲೆ, ಟ್ರೈಲರ್ ಟಿಪ್ಪಿಂಗಿಗೆ ಆಯಿಲ್ ತೆಗೆಯಲು ಒಂದು ಪ್ಲಗ್ ಇತ್ತು. ಪಕ್ಕದ ಊರಿನ ಜೆಸಿಬಿ ಆಪರೇಟರ್ ಹತ್ತಿರ ಪ್ರೆಷರ್ ಗೇಜ್ ಸಾಲ ತಂದು ಅಲ್ಲಿ ಕೂರಿಸಿ ಲಿವರ್ ಎತ್ತಿದೆವು. ಮುಳ್ಳು ಸ್ವಲ್ಪ ನಡುಗಿ ಕೆಳಗೇ ಉಳಿಯಿತು. ಪ್ರೆಷರ್ ಇಲ್ಲ, ಅಂದರೆ ಪಂಪ್ ಸತ್ತಿದೆ, ಮೆಕ್ಯಾನಿಕ್ ಹೇಳಿದ್ದೇ ಸರಿ ಅಂದುಕೊಂಡೆವು.

ನಿಜಕ್ಕೂ ಗೇಜ್ ಹೇಳಿದ್ದು ಇಷ್ಟೇ: ಸಿಲಿಂಡರಿಗೆ ಒತ್ತಡ ತಲುಪುತ್ತಿಲ್ಲ. ಸವೆದ ಪಂಪ್, ಆಯಿಲ್ ಸಿಗದೆ ಒಣಗಿದ ಪಂಪ್, ಪಂಪಿನಿಂದ ಮೇಲಕ್ಕೆ ಹೋಗುವ ಪೈಪಿನ ತುದಿಯಲ್ಲಿ ಹರಿದ ಓ ರಿಂಗ್, ಬೇಗ ತೆರೆದುಕೊಳ್ಳುವ ರಿಲೀಫ್ ವಾಲ್ವ್: ನಾಲ್ಕಕ್ಕೂ ಗೇಜಿನಲ್ಲಿ ಒಂದೇ ಮುಖ.

ಇವನ್ನು ಬೇರೆ ಮಾಡಿದ್ದು ಗೇಜ್ ಅಲ್ಲ, ದೊಡ್ಡಪ್ಪ. ಕಾಫಿ ಕುಡಿಯುತ್ತಾ ಸುಮ್ಮನೆ ಹೇಳಿದರು: "ಹೋದ್ ತಿಂಗ್ಳಿಂದ್ಲೇ ಹಿಂಗೆ. ಬೆಳಗ್ಗೆ ಬೆಳಗ್ಗೆ ಮೊಂಡ್ಸೋದು. ಒಂದ್ ಗಂಟೆ ಓಡಿದ್ ಮ್ಯಾಲೆ ಸಲೀಸಾಗಿ ಎತ್ತೋದು."

ನಮ್ಮಲ್ಲಿ ಒಬ್ಬ ಲೋಟ ಕೆಳಗಿಟ್ಟ. ಪಂಪ್ ಸವೆದಿದ್ದರೆ ಇದು ಉಲ್ಟಾ ಇರಬೇಕಿತ್ತು! ಸವೆದ ಸಂದಿನಲ್ಲಿ ಸೋರುವ ಆಯಿಲ್ ಎಷ್ಟು ಅನ್ನುವುದು ಸಂದಿನ ಅಗಲದ ಘನಕ್ಕೆ ಅನುಪಾತದಲ್ಲಿ, ವಿಸ್ಕಾಸಿಟಿಗೆ ವಿಲೋಮವಾಗಿ ಇರುತ್ತೆ. ಸಂದು ಎರಡರಷ್ಟಾದರೆ ಸೋರಿಕೆ ಎಂಟರಷ್ಟು. ಆಯಿಲ್ ಬಿಸಿಯಾಗಿ ತೆಳುವಾದರೆ ಇನ್ನೂ ಜಾಸ್ತಿ. ಹಾಗಾಗಿ ಸವೆದ ಪಂಪ್ ಬೆಳಗ್ಗೆ ಎತ್ತಿ ಮಧ್ಯಾಹ್ನ ಕೈಕೊಡುತ್ತೆ. ಸೋರುವ ಓ ರಿಂಗೂ ಹಾಗೇ. ಬೆಳಗ್ಗೆ ಮೊಂಡಾಗಿ ಬಿಸಿಯಾದ ಮೇಲೆ ಸರಿಹೋಗುತ್ತೆ ಅಂದರೆ ಆಯಿಲ್ ಪಂಪಿಗೆ ಹೋಗುವ ದಾರಿಯಲ್ಲೇ ತಡೆ ಇದೆ. ತಣ್ಣಗೆ ಮಂದವಾಗಿದ್ದಾಗ ಕಟ್ಟಿದ ಜಾಲರಿಯಲ್ಲಿ ನುಗ್ಗಲಾರದು, ಬಿಸಿಯಾದರೆ ಹೇಗೋ ನುಗ್ಗುತ್ತೆ. ಸೂತ್ರ ನಾವು ಪರೀಕ್ಷೆಯಲ್ಲಿ ಬರೆದಿದ್ದೆವು, ಹೀಗೆ ಒಂದು ಉಪಯೋಗ ಇದೆ ಅಂತ ಗೊತ್ತಿರಲಿಲ್ಲ.

ಮತ್ತೆ ಡಿಪ್‌ಸ್ಟಿಕ್ ಎಳೆದು ಈ ಸಲ ಬಿಸಿಲಿಗೆ ಹಿಡಿದೆವು. ಹಾಲು ಬೆರೆಸಿದ ಕಾಫಿಯ ಬಣ್ಣ. ನೀರು! ಮಟ್ಟ ಏರಿದ್ದಕ್ಕೂ ಉತ್ತರ ಸಿಕ್ಕಿತು. ನೀರು ಬಂದಿದ್ದೆಲ್ಲಿಂದ ಅಂತ ಹುಡುಕಲು ಐದು ನಿಮಿಷ ಸಾಕಾಯಿತು. ಗೇರ್ ಲಿವರ್ ಬುಡದ ರಬ್ಬರ್ ಬೂಟ್ ಸುತ್ತಲೂ ಸೀಳಿತ್ತು. ಹುಲ್ಲು ತುಂಬಿಸಲು ಶೆಡ್ ಖಾಲಿ ಮಾಡಿದ ಮೇಲೆ ಟ್ರ್ಯಾಕ್ಟರ್ ಒಂದು ವರ್ಷದಿಂದ ಮರದ ಕೆಳಗೇ ನಿಂತಿದೆ. ಮಳೆ ನೀರು ಲಿವರ್ ಹಿಡಿದು ನೇರ ಒಳಗೆ ಇಳಿದಿದೆ.

ಬಿಚ್ಚುವ ಮುಂಚೆ ಒಂದು ಮಾತು. ನಮ್ಮ ತಪಾಸಣೆಯ ನಡುವೆ ತೋಳು ಒಂದು ಸಲ ಹೇಗೋ ಅರ್ಧ ಎದ್ದು ನಿಂತಿತ್ತು. ಕಲ್ಟಿವೇಟರನ್ನು ಮತ್ತೆ ಸಿಕ್ಕಿಸಿದ್ದೆವು. ನಮ್ಮವನೊಬ್ಬ ಟಾರ್ಚ್ ಹಿಡಿದು ಅದರ ಕೆಳಗೆ ನುಸುಳಿದ. ದೊಡ್ಡಪ್ಪ ಅವನ ಕಾಲು ಹಿಡಿದು ಈಚೆಗೆ ಎಳೆದ ರೀತಿಗೆ ಅವನ ಶರ್ಟ್ ಹರಿಯಿತು. ಬೈದಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಆಯಿಲ್ ಹಿಡಿದಿಟ್ಟಿರುವ ಭಾರವನ್ನು ಯಾವತ್ತೂ ನಂಬಬಾರದು. 75 ಮಿಲಿಮೀಟರ್ ವ್ಯಾಸದ ಪಿಸ್ಟನ್, 150 ಬಾರ್ ಒತ್ತಡ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ, ಪಿಸ್ಟನ್ ಮೇಲಿನ ಬಲ ಸುಮಾರು 66 ಕಿಲೋನ್ಯೂಟನ್ ಬರುತ್ತೆ. ಅಷ್ಟನ್ನೂ ತಡೆಯುತ್ತಿರುವುದು ಒಂದೆರಡು ಉಂಗುರ ಮತ್ತು ಒಂದು ವಾಲ್ವಿನ ಅಂಚು. ಕೆಲಸ ಮಾಡುವಾಗ ಸಾಮಾನನ್ನು ನೆಲಕ್ಕೆ ಇಳಿಸಿ, ಇಂಜಿನ್ ಆಫ್ ಮಾಡಿ. ಎತ್ತಿರಲೇಬೇಕು ಅಂದರೆ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡಿ. ಜ್ಯಾಕ್ ಒಂದನ್ನೇ ನೆಚ್ಚಿಕೊಳ್ಳಬೇಡಿ.

ರಾತ್ರಿ ಟ್ರ್ಯಾಕ್ಟರನ್ನು ಅಲುಗಿಸದೆ ಬಿಟ್ಟೆವು. ಬೆಳಗ್ಗೆ ಡ್ರೈನ್ ಪ್ಲಗ್ ಮೆಲ್ಲಗೆ ಸಡಿಲಿಸಿದಾಗ ಮೊದಲು ಬಂದದ್ದು ತಳಕ್ಕೆ ಇಳಿದಿದ್ದ ನೀರು, ಆಮೇಲೆ ಕಾಫಿ. ಬಕೆಟ್ ಮೇಲೆ ಬಕೆಟ್ ತುಂಬಿತು. ಹಳೇ ಆಯಿಲನ್ನು ಡ್ರಮ್ಮಿಗೇ ಹಾಕಿ. ಕಾಲುವೆಗೆ ಸುರಿಯುವವರನ್ನು ನೋಡಿದ್ದೇವೆ, ಅದೇ ನೀರು ಗದ್ದೆಗೆ ಹೋಗುತ್ತೆ. ಪಕ್ಕದ ಕವರ್ ಬಿಚ್ಚಿ ಕೈ ಹಾಕಿದರೆ ಸಕ್ಷನ್ ಜಾಲರಿಯ ಮೇಲೆ ಕೆನೆಯಂಥ ಕೆಸರು ಬೆರಳು ದಪ್ಪ ಕೂತಿತ್ತು. ಈ ಟ್ರ್ಯಾಕ್ಟರಿನಲ್ಲಿ ಪಕ್ಕದಿಂದಲೇ ಕೈ ಹೋಯಿತು. ಕೆಲವು ಮಾದರಿಗಳಲ್ಲಿ ಲಿಫ್ಟ್ ಕವರನ್ನೇ ಚೈನ್ ಬ್ಲಾಕಿನಿಂದ ಎತ್ತಬೇಕು, ಅದು ಅನುಭವ ಇರುವವರ ಕೆಲಸ.

ಜಾಲರಿ ಡೀಸೆಲ್ಲಿನಲ್ಲಿ ತೊಳೆದೆವು. ಅಷ್ಟಕ್ಕೇ ನಿಲ್ಲಿಸಿದ್ದರೆ ಮತ್ತೆ ಸೋಲುತ್ತಿದ್ದೆವು. ಕಂಟ್ರೋಲ್ ವಾಲ್ವನ್ನು ಬೆರಳಿನಲ್ಲಿ ತಳ್ಳಿದರೆ ಅದು ಮುಚ್ಚಿದ ಜಾಗದಲ್ಲೇ ಕಚ್ಚಿಕೊಂಡಿತ್ತು. ನೀರಿನಿಂದ ಸಣ್ಣ ತುಕ್ಕು. ಮೇಲೆ ಲಿವರ್ ಎಷ್ಟೇ ಎತ್ತಿದರೂ ಪಂಪಿಗೆ ಬಾಗಿಲು ತೆರೆಯುತ್ತಲೇ ಇರಲಿಲ್ಲ. ಒಂದು ತಿಂಗಳು ಮೊಂಡಾಟಕ್ಕೆ ಕಾರಣ ಜಾಲರಿ, ಆವತ್ತು ಪೂರ್ತಿ ನಿಂತದ್ದಕ್ಕೆ ಕಾರಣ ವಾಲ್ವ್. ಸೀಮೆಎಣ್ಣೆ ಬಿಟ್ಟು, ಕಾದು, ಹಿಂದೆ ಮುಂದೆ ಆಡಿಸಿ ಆಡಿಸಿ ಅರ್ಧ ಗಂಟೆಯಲ್ಲಿ ಸಡಿಲವಾಯಿತು. ಇಲ್ಲಿ ಎಮರಿ ಪೇಪರ್ ಹಿಡಿಯಬೇಡಿ. ವಾಲ್ವಿಗೂ ಅದರ ಗೂಡಿಗೂ ನಡುವಿನ ಸಂದು ಬಲು ಸಣ್ಣದು, ಉಜ್ಜಿದರೆ ಅದೇ ಘನದ ಲೆಕ್ಕ ನಿಮ್ಮ ಮೇಲೆ ತಿರುಗುತ್ತೆ.

ಹೊಸ ರಬ್ಬರ್ ಬೂಟ್, ಹೊಸ ಗ್ಯಾಸ್ಕೆಟ್, ಮ್ಯಾನ್ಯುವಲ್ ಹೇಳಿದ ದರ್ಜೆಯ ಆಯಿಲ್. ಸ್ಟಾರ್ಟ್ ಮಾಡಿ ಲಿವರ್ ಎತ್ತಿದರೆ ಮೊದಲು ಒಂದೆರಡು ಸಲ ಗಾಳಿ ಸಿಕ್ಕಿದ ಹಾಗೆ ತಡವರಿಸಿತು, ಆಮೇಲೆ ಕಲ್ಟಿವೇಟರ್ ಆರಾಮಾಗಿ ಮೇಲೆ ಬಂತು. ಮೂಲೆ ಮುಡುಕಿನಲ್ಲಿ ಉಳಿದ ನೀರಿನಿಂದ ಈ ಆಯಿಲೂ ಸ್ವಲ್ಪ ಮಸುಕಾಗುತ್ತೆ, ಆದ್ದರಿಂದ ಕೆಲವು ದಿನದ ಉಳುಮೆ ಆದ ಮೇಲೆ ಇನ್ನೊಂದು ಸಲ ಬದಲಿಸಬೇಕು ಅಂತ ಹೇಳಿದೆವು. ಖರ್ಚು ಕೇಳಿ ದೊಡ್ಡಪ್ಪನ ಮುಖ ಸಣ್ಣಗಾಯಿತು. ಪಂಪಿನ ಬೆಲೆಗೆ ಹೋಲಿಸಿದ ಮೇಲೆ ಒಪ್ಪಿದರು.

ಬೇರೆ ಲಕ್ಷಣಗಳ ಬಗ್ಗೆ ಎರಡು ಮಾತು. ಎತ್ತುತ್ತೆ ಆದರೆ ನಿಲ್ಲುವುದಿಲ್ಲ, ಪಿಟಿಒ ಬಿಟ್ಟ ಕೂಡಲೇ ಇಳಿಯುತ್ತೆ ಅಂದರೆ ಪಿಸ್ಟನ್ ಉಂಗುರ, ಪೈಪಿನ ಓ ರಿಂಗ್ ಅಥವಾ ವಾಲ್ವ್ ಸೀಟ್ ಸೋರುತ್ತಿದೆ. ಇಂಜಿನ್ ಓಡುವಾಗ ತೋಳು ಬಿಕ್ಕಳಿಸಿದ ಹಾಗೆ ಸಣ್ಣಗೆ ಕುಣಿಯುವುದೂ ಬಹುಪಾಲು ಅದೇ ಸೋರಿಕೆ: ಇಳಿದಷ್ಟೂ ವಾಲ್ವ್ ತೆರೆದು ತುಂಬುತ್ತಾ ಇರುತ್ತೆ. ಎತ್ತಿದ ಮೇಲೆ ಇಳಿಯುವುದೇ ಇಲ್ಲವಾದರೆ ವಾಲ್ವ್ ಇನ್ನೊಂದು ತುದಿಯಲ್ಲಿ ಕಚ್ಚಿದೆ ಅಥವಾ ಒಳಗಿನ ಲಿಂಕ್ ಸಿಕ್ಕಿಕೊಂಡಿದೆ. ಭಾರ ಹಾಕಿದಾಗ ಮಾತ್ರ ಒಳಗಿಂದ ಬುಸ್ ಅಂತ ಸದ್ದು ಬಂದರೆ ರಿಲೀಫ್ ವಾಲ್ವ್ ಕಡೆ ನೋಡಿ. ಅದರ ಸ್ಪ್ರಿಂಗ್ ಕೆಳಗೆ ವಾಷರ್ ಸೇರಿಸಿ ಬಿಗಿ ಮಾಡುವ ಊರ ಉಪಾಯಕ್ಕೆ ಮಾತ್ರ ಕೈ ಹಾಕಬೇಡಿ, ಮುಂದಿನ ಸಲ ಒಡೆಯುವುದು ಹೌಸಿಂಗ್.

ಆವತ್ತು ಮಧ್ಯಾಹ್ನ ಹೊಲ ಅರ್ಧ ಉತ್ತಾಯಿತು. ಸಂಜೆ ಕಲ್ಟಿವೇಟರ್ ಎತ್ತಿ, ಇಂಜಿನ್ ಆಫ್ ಮಾಡಿ, ದೂರ ನಿಂತು ಟೇಪ್ ಹಿಡಿದು ನೋಡಿದೆವು. ಹತ್ತು ನಿಮಿಷಕ್ಕೆ ನಾಲ್ಕು ಇಂಚು ಇಳಿಯಿತು. ಒಳಗೆಲ್ಲೋ ಒಂದು ಉಂಗುರ ಸವೆದಿದೆ. ದೊಡ್ಡಪ್ಪ "ಉಳೋವಾಗ ಹಿಡ್ಕತದಲ್ಲ, ಸುಗ್ಗಿ ಆದ್ ಮ್ಯಾಲೆ ನೋಡವ" ಅಂದರು. ಟ್ರ್ಯಾಕ್ಟರ್ ಈಗ ಶೆಡ್ಡಿನಲ್ಲಿದೆ, ಹುಲ್ಲು ಮರದ ಕೆಳಗೆ.