ಮನೆಗೆ ಪಿಯಾನೋ ತರುವ ಮುಂಚೆ

ನೋಡವ್ವ, ಮಗಳು ಮಂಡ್ಯದ ಕ್ಲಾಸಿಗೆ ಸೇರಿದ್ದಾಳೆ, ಈಗ ಮನೇಲೂ ಒಂದು ಪಿಯಾನೋ ಬೇಕು ಅಂತ ಹಟ ಹಿಡಿದಿದ್ದಾಳೆ ಅಂದೆಯಲ್ಲ. ಹಟ ಒಳ್ಳೇದೇ. ವಾರಕ್ಕೊಂದು ಸಲ ಮದ್ದೂರಿಂದ ರೈಲು ಹತ್ತಿ ಹೋಗಿ ಅರ್ಧ ಗಂಟೆ ನುಡಿಸಿ ಬಂದರೆ ಕೈ ಕೂರೋದಿಲ್ಲ. ಮಿಕ್ಕ ದಿನ ಮನೇಲಿ ಬೆರಳು ಆಡಬೇಕು. ಆದರೆ ದಸರಾ ಆಫರ್ ಮುಗಿದುಹೋಗುತ್ತೆ ಅಂತ ಫೋನಿನಲ್ಲಿ ನೋಡಿ ತರಿಸಿಬಿಡಬೇಡ. ಅದಕ್ಕೂ ಮೊದಲು ಮೇಷ್ಟ್ರನ್ನ ಒಂದು ಮಾತು ಕೇಳು: ನೀವು ಮಗೂಗೆ ಹೇಳಿಕೊಡ್ತಿರೋದು ಪಿಯಾನೋನೋ, ಕೀಬೋರ್ಡೋ?

ಎರಡೂ ಒಂದೇ ಅಂದುಕೊಂಡೋರೇ ಜಾಸ್ತಿ. ಟ್ರಿನಿಟಿ ಕಾಲೇಜ್ ಲಂಡನ್ ನಡೆಸೋ ಪರೀಕ್ಷೆಗಳಲ್ಲಿ ಪಿಯಾನೋಗೆ ಒಂದು ಸಿಲಬಸ್, ಎಲೆಕ್ಟ್ರಾನಿಕ್ ಕೀಬೋರ್ಡಿಗೆ ಇನ್ನೊಂದು. ಪಿಯಾನೋದಲ್ಲಿ ಎರಡು ಕೈಗೂ ಪೂರಾ ದುಡಿಮೆ. ಕೀಬೋರ್ಡಿನಲ್ಲಿ ಎಡಗೈ ಕಾರ್ಡ್ ಹಿಡಿದರೆ ಸಾಕು, ಡ್ರಮ್ಮು, ಬೇಸು ಎಲ್ಲಾ ಯಂತ್ರವೇ ಬಾರಿಸಿಕೊಳ್ಳುತ್ತೆ. ಅದನ್ನ ಹೀನ ಅಂತ ನಾನು ಹೇಳೋದಿಲ್ಲ. ಗಣೇಶನ ಹಬ್ಬಕ್ಕೆ ನಮ್ಮ ಬೀದೀಲಿ ರಸಮಂಜರಿ ಕಳೆಗಟ್ಟೋದು ಕೀಬೋರ್ಡಿನವನ ಕೈಯಿಂದಲೇ. ಮಗಳ ಆಸೆ ಅದೇ ಆಗಿದ್ದರೆ ನೂರಾರು ತಾಳ ತುಂಬಿದ ಕೀಬೋರ್ಡೇ ಸರಿ. ಕರ್ನಾಟಕ ಸಂಗೀತ ನುಡಿಸಬೇಕು ಅಂದರೆ ಸ್ವರವನ್ನ ಜಾರಿಸೋಕೆ ಪಕ್ಕದಲ್ಲಿ ಪಿಚ್ ಬೆಂಡ್ ಚಕ್ರ ಇರೋದನ್ನ ನೋಡಬೇಕು. ಚೆನ್ನೈನ ಕೀಬೋರ್ಡ್ ಸತ್ಯ ಅಂತಾರಲ್ಲ, ಸತ್ಯನಾರಾಯಣನ್, ಅವರು ಕೀಬೋರ್ಡಿನಲ್ಲೇ ಕಛೇರಿ ಮಾಡ್ತಾರೆ. ಪಿಯಾನೋದಲ್ಲಿ ಒಂದು ಮನೆಗೂ, ಅಂದರೆ ಬೆರಳಲ್ಲಿ ಒತ್ತೋ ಕೀಗೂ, ಇನ್ನೊಂದು ಮನೆಗೂ ನಡುವೆ ಏನೂ ಇಲ್ಲ, ಅಲ್ಲಿ ಗಮಕ ಹುಡುಕಿದರೆ ಸಿಗೋದಿಲ್ಲ.

ನಿಮ್ಮತ್ತೆ, "ಮನೇಲಿ ಮಾವನೋರ ಹಾರ್ಮೋನಿಯಂ ಇದೆಯಲ್ಲ, ಅದರಲ್ಲೇ ಕಲೀಲಿ" ಅಂತಾರೆ ಅಂದೆ. ಅವರ ಮಾತಲ್ಲೂ ಸತ್ಯ ಇದೆ. ಮಳವಳ್ಳಿ, ಮದ್ದೂರು ಸೀಮೆಯ ಹಳ್ಳೀಲಿ ಕುರುಕ್ಷೇತ್ರ ನಾಟಕ ಕಟ್ಟೋಕೆ ತಿಂಗಳುಗಟ್ಟಲೆ ತಾಲೀಮು ಕೊಡೋ ಹಾರ್ಮೋನಿಯಂ ಮೇಷ್ಟ್ರು, ರಾಗದ ಗಂಧವೇ ಇಲ್ಲದ ರೈತನ ಕೈಲೂ ದುರ್ಯೋಧನನ ಹಾಡು ಹಾಡಿಸಿಬಿಡ್ತಾರೆ. ಕಿವಿ ಹದವಾಗೋಕೆ ಆ ಪೆಟ್ಟಿಗೆ ಸಾಕು. ಆದರೆ ಅದರಲ್ಲಿ ಒಂದು ಕೈ ತಿದಿ ಒತ್ತಬೇಕು, ನುಡಿಸೋದು ಇನ್ನೊಂದೇ ಕೈ. ದನಿ ಏರೋದು ಇಳಿಯೋದು ಗಾಳಿಯಿಂದ, ಬೆರಳಿನಿಂದಲ್ಲ. ಪಿಯಾನೋದ ಗುಟ್ಟು ಇರೋದೇ ಬೆರಳಲ್ಲಿ. ಮನೆ ಒತ್ತಿದರೆ ಒಳಗೊಂದು ಫೆಲ್ಟ್ ಸುತ್ತಿದ ಸುತ್ತಿಗೆ ಎದ್ದು ತಂತಿಗೆ ಬಡಿಯುತ್ತೆ. ರಭಸವಾಗಿ ಒತ್ತಿದರೆ ಜೋರು, ಸಾವಕಾಶ ಒತ್ತಿದರೆ ಮೆಲ್ಲಗೆ. ಮಗು ಮೊದಲ ವರ್ಷ ಕಲೀಬೇಕಾದ್ದು ಹಾಡುಗಳಿಗಿಂತ ಹೆಚ್ಚಾಗಿ ಈ ಹತೋಟಿಯನ್ನ.

ಅದಕ್ಕೇ ಅಂಗಡೀಲಿ ಸೇಲ್ಸ್ ಹುಡುಗ ನಾನೂರು ಟೋನು, ಇನ್ನೂರು ರಿದಮ್ಮು ಅಂತ ಶುರು ಮಾಡಿದರೆ ಕಿವಿ ಕೊಡಬೇಡ. ಗೆಜ್ಜೆ ಎಣಿಸಿ ಎತ್ತು ಕೊಂಡ ಹಾಗಾಗುತ್ತೆ. ವಾಲ್ಯೂಮನ್ನ ನಡುವೆ ಇಟ್ಟು, ಮಗಳ ಕೈಲೇ ಒಂದು ಬಿಳಿ ಮನೆಯನ್ನ ಮೆಲ್ಲಗೆ ಒತ್ತಿಸು, ಆಮೇಲೆ ಜೋರಾಗಿ. ಎರಡು ಸಲವೂ ಒಂದೇ ಸದ್ದು ಬಂತಾ? ಕೆಲವದರಲ್ಲಿ ಟಚ್ ಅನ್ನೋ ಸೆಟ್ಟಿಂಗ್ ಆಫ್ ಆಗಿರುತ್ತೆ, ಆನ್ ಮಾಡಿಸಿ ಇನ್ನೊಂದು ಸಲ ನೋಡು. ಆಗಲೂ ಹಾಗೇ ಇದ್ದರೆ ಅದು ಎಷ್ಟೇ ಅಗ್ಗವಾಗಿರಲಿ, ಪಿಯಾನೋ ಕಲಿಯೋ ಮಗೂಗೆ ಬೇಡ. ಆಮೇಲೆ ಪೆಡಲ್ ತುಳಿದುಕೊಂಡು ಕೆಳಗಿನ ಒಂದು ಸ್ವರ ಹಿಡಿದು, ಮೇಲೆ ಸರಸರ ಅಂತ ಹತ್ತಾರು ಸ್ವರ ನುಡಿಸಿಸು. ಕೆಳಗಿನದ್ದು ನಡುವೆ ಕತ್ತರಿಸಿಹೋದರೆ ಒಟ್ಟಿಗೆ ಎಷ್ಟು ಸ್ವರ ಮೊಳಗುತ್ತೆ ಅನ್ನೋ ಮಿತಿ ಚಿಕ್ಕದು ಅಂತ ಅರ್ಥ. 64 ಇದ್ದರೆ ಮಕ್ಕಳಿಗೆ ಧಾರಾಳ.

ಇಂಚುಟೇಪೊಂದು ಬ್ಯಾಗಿನಲ್ಲಿಟ್ಟುಕೊಂಡು ಹೋಗು, ನಗಬೇಡ. ಅಕ್ಕಪಕ್ಕದ ಏಳು ಬಿಳಿ ಮನೆ ಅಳೆದರೆ ಸುಮಾರು 16.5 ಸೆಂಟಿಮೀಟರ್, ಅಂದರೆ ಆರೂವರೆ ಇಂಚು ಬರಬೇಕು. ಆಟದ ಸಾಮಾನಿನ ಜಾತಿಯ ಪುಟ್ಟ ಮನೆಗಳಲ್ಲಿ ಅಭ್ಯಾಸ ಮಾಡಿದ ಕೈಗೆ ಕ್ಲಾಸಿನ ಪಿಯಾನೋದಲ್ಲಿ ಅಳತೆ ತಪ್ಪುತ್ತೆ. ಮೇಷ್ಟ್ರು ಬೈಯ್ಯೋದು ಮಗೂನ.

ದುಡ್ಡಿನ ಮಾತು. ಪೂರಾ ಪಿಯಾನೋಗೆ 88 ಮನೆ. ಒತ್ತಿದರೆ ಭಾರ ಕೊಡೋ, ಎಡಗಡೆ ಗಟ್ಟಿ, ಬಲಕ್ಕೆ ಹೋದಹಾಗೆ ಹಗುರಾಗೋ ಮನೆಗಳ ಡಿಜಿಟಲ್ ಪಿಯಾನೋ ಯಮಹಾ, ಕ್ಯಾಸಿಯೋ, ರೋಲ್ಯಾಂಡ್ ಎಲ್ಲರದ್ದೂ ಇದೆ. ಒಳ್ಳೇದು ಬೇಕಂದರೆ ನಲವತ್ತು ಸಾವಿರದ ಆಸುಪಾಸಿಗೆ ಅಥವಾ ಅದರಾಚೆಗೇ ಕೈ ಹಾಕಬೇಕಾಗುತ್ತೆ. ಈಗ ಅಷ್ಟು ಆಗಲ್ಲ ಅಂದರೆ ಬೇಜಾರು ಬೇಡ. ಟಚ್ ಇರೋ 61 ಮನೆಯ ಕೀಬೋರ್ಡಿಗೆ ಅದರ ಅರ್ಧಕ್ಕಿಂತ ಕಡಿಮೆ ಸಾಕಾಗಬಹುದು. ಮೊದಲೊಂದೆರಡು ವರ್ಷದ ಪಾಠಗಳೆಲ್ಲ ಆ ಐದು ಸ್ಥಾಯಿಯೊಳಗೇ ಮುಗೀತವೆ. ಸಾಲ ಮಾಡಿ ದೊಡ್ಡದು ತಂದಿಟ್ಟು, ಮಗು ಒಂದು ಸಂಜೆ ನುಡಿಸದಿದ್ದರೂ ಕಂತಿನ ಲೆಕ್ಕ ಹೇಳೋ ಮನೆಗಿಂತ ಇದು ಎಷ್ಟೋ ಮೇಲು. ಕೈ ಪಳಗಿದ್ದು ಕಂಡಮೇಲೆ ದೊಡ್ಡದು ತಂದರಾಯಿತು.

ಇನ್ನು ನಿನ್ನ ಯಜಮಾನರ ಆಸೆ: ಬೆಂಗಳೂರಿನಲ್ಲಿ ಯಾರೋ ಹಳೇ ಮರದ ಪಿಯಾನೋ ಮಾರ್ತಾರಂತೆ, ಹಾಲ್‌ನಲ್ಲಿ ಗತ್ತಾಗಿ ಕಾಣುತ್ತೆ ಅಂತ. ಗತ್ತೇನೋ ಸರಿ. ಅದರ ತೂಕ 200 ಕೆಜಿ ಮೇಲೆ. ಒಳಗೆ ಇನ್ನೂರಕ್ಕೂ ಹೆಚ್ಚು ತಂತಿ, ಎಲ್ಲಾ ಸೇರಿ ಎಳೆಯೋ ಬಿಗಿ 15 ಟನ್ನಿಗೂ ಮೇಲೆ. ಆ ಬಿಗಿ ಹಿಡಿಯೋ ಗೂಟಗಳು ಮರದಲ್ಲಿ ಸಡಿಲವಾಗಿದ್ದರೆ ಶ್ರುತಿ ಕೂಡಿಸಿದ ವಾರಕ್ಕೇ ಇಳಿದುಹೋಗುತ್ತೆ. ನಮ್ಮದು ನಾಲೆ ನೀರಿನ ಸೀಮೆ. ಮಳೆಗಾಲದ ಶೀತಕ್ಕೆ ಮರ ಉಬ್ಬಿ ಮನೆಗಳು ಒತ್ತಿದಲ್ಲೇ ಹಿಡಿದುಕೊಳ್ಳುತ್ತವೆ, ಗೆದ್ದಲಿಗೆ ಮರ ಬೇಕು, ಕಬ್ಬಿನ ಗದ್ದೆಯ ಇಲಿಗೆ ಒಳಗಿನ ಫೆಲ್ಟ್ ಬೇಕು. ವರ್ಷಕ್ಕೆ ಎರಡು ಸಲವಾದರೂ ಶ್ರುತಿ ಮಾಡೋನನ್ನ ಹೊರಗಿಂದ ಕರೆಸಬೇಕು. ತಗೊಳ್ಳಲೇಬೇಕು ಅಂದರೆ ಮುಂಗಡ ಕೊಡೋ ಮುಂಚೆ ಅಂಥವರೊಬ್ಬರನ್ನ ಕರಕೊಂಡು ಹೋಗಿ ಮುಚ್ಚಳ ತೆಗೆಸಿ ತೋರಿಸಲಿ.

ನಮ್ಮ ಕಡೆಗೆ ಪಿಯಾನೋ ಯಾಕೆ ಅಂತ ಕೇಳೋರಿಗೆ ಇಷ್ಟು ಹೇಳು. ಮಂಡ್ಯ ಮೈಸೂರು ಜಿಲ್ಲೆಯಿಂದ ಬೇರೆಯಾದದ್ದು 1939ರಲ್ಲಿ. ಅದರ ಮರುವರ್ಷ ಮೈಸೂರಿನ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರು ಪಿಯಾನೋ ಕಲಿತು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ ಪಡೆದವರು. ಕಷ್ಟದಲ್ಲಿದ್ದ ರಷ್ಯದ ರಚನಕಾರ ಮೆಡ್ನರ್‌ಗೆ ದುಡ್ಡು ಕೊಟ್ಟು, ಅವರ ಕೃತಿಗಳು ರೆಕಾರ್ಡ್ ಆಗೋ ಹಾಗೆ ಮಾಡಿದವರು. ಅದೇ ದೊರೆ ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದರು. ಒಂದು ಕಲಿತರೆ ಇನ್ನೊಂದು ಕೆಡುತ್ತೆ ಅನ್ನೋ ಭಯ ಬೇಡ.

ಎಲ್ಲಿ ಇಡ್ತೀಯಾ ಅನ್ನೋದು ವಾದ್ಯದಷ್ಟೇ ಮುಖ್ಯ ಕಣವ್ವ. ಊಟದ ಮೇಜಿನ ಮೇಲೆ ಬೇಡ. ಮೇಜೇ 75 ಸೆಂಟಿಮೀಟರ್, ಅದರ ಮೇಲೆ ಕೀಬೋರ್ಡಿನ ದಪ್ಪ, ಮಗು ಭುಜ ಎತ್ತಿಕೊಂಡೇ ನುಡಿಸಬೇಕಾಗುತ್ತೆ. ಮನೆಗಳು ನೆಲದಿಂದ 72 ಸೆಂಟಿಮೀಟರ್ ಆಸುಪಾಸಿನಲ್ಲಿರೋ ಹಾಗೆ ಸ್ಟ್ಯಾಂಡ್ ಹಾಕಿಸು. ಕೂತಾಗ ಮೊಣಕೈ ಮನೆಗಳ ಮಟ್ಟಕ್ಕೆ ಬರಬೇಕು. ಪ್ಲಾಸ್ಟಿಕ್ ಕುರ್ಚಿ ತಗ್ಗಾದರೆ ದಪ್ಪ ದಿಂಬು ಹಾಕು, ಕಾಲು ನೇತಾಡಿದರೆ ಕೆಳಗೊಂದು ಮಣೆ ಇಡು. ಒಳಗಿನ ರೂಮಿಗೆ ತಳ್ಳಬೇಡ, ನೀನು ಅಡುಗೆ ಮಾಡ್ತಾ ಕೇಳಿಸಿಕೊಳ್ಳೋ ಜಾಗದಲ್ಲಿರಲಿ. ಟಿವಿ ಎದುರಿಗೆ ಮಾತ್ರ ಬೇಡ. ಪರೀಕ್ಷೆ ಹತ್ತಿರ ಬಂದಿರೋ ಅಣ್ಣ ಇದ್ದಾನಲ್ಲ, ಅವನಿಗಾಗಿ ಹೆಡ್‌ಫೋನ್ ಹಾಕೋ ತೂತು ಇದೆಯಾ ನೋಡಿಕೋ.

ಕರೆಂಟು ಹೋಗೋದು ಬರೋದು ಇದ್ದದ್ದೇ. ಭಾರದ ಮನೆಯ ಡಿಜಿಟಲ್ ಪಿಯಾನೋಗಳಲ್ಲಿ ಹೆಚ್ಚಿನವು ಬ್ಯಾಟರಿಗೆ ಓಡೋದಿಲ್ಲ. ಯುಪಿಎಸ್ ಇರೋ ಪ್ಲಗ್ಗಿಗೆ ಹಾಕಿಸು, ಗುಡುಗಿದಾಗ ಅಡಾಪ್ಟರ್ ಕಿತ್ತಿಡು. ಮೇಲೊಂದು ಹಳೇ ಬಟ್ಟೆ ಹೊದಿಸಿದರೆ ಧೂಳು, ಇರುವೆ ದೂರ. ಕಂಪನಿ ಡಬ್ಬ, ಒಳಗಿನ ಥರ್ಮೋಕೋಲು, ಬಿಲ್ಲು ಅಟ್ಟದ ಮೇಲಿರಲಿ. 61ರದ್ದನ್ನ ಮಾರಿ 88ರದ್ದಕ್ಕೆ ಹೋಗೋ ದಿನ ಡಬ್ಬ ಸಮೇತ ಕೊಟ್ಟರೆ ಕೊಳ್ಳೋನು ಒಂದು ಸಾವಿರ ಜಾಸ್ತಿ ಕೊಡ್ತಾನೆ.