ಅಣಬೆ ತಿಂದ ಮೇಲೆ ಗಡಿಯಾರ ನೋಡಿ

ಪ್ರಶ್ನೆ: ಹೋದ ಮಳೆಗಾಲದಲ್ಲಿ ಹುಂಚದ ಪದ್ಮಾವತಿ ಅಮ್ಮನವರ ದರ್ಶನ ಮುಗಿಸಿ ಅಲ್ಲೇ ಹತ್ತಿರದ ಹೋಂಸ್ಟೇಯಲ್ಲಿ ಉಳಿದಿದ್ದೆವು. ಸೊಪ್ಪಿನ ಬೆಟ್ಟದಿಂದ ತಂದ ಹುತ್ತದ ಅಣಬೆಯಲ್ಲಿ ಮನೆಯ ಅಮ್ಮ ಸಾರು ಮಾಡಿ ಬಡಿಸಿದರು. ಆ ರುಚಿ ಮರೆಯಲಾಗುತ್ತಿಲ್ಲ. ಈ ಸಲ ನಾವೇ ಕಿತ್ತು ಬೇಯಿಸಿಕೊಳ್ಳಬೇಕೆಂದಿದ್ದೇವೆ. ಬೇಯುವಾಗ ಹಾಕಿದ ಬೆಳ್ಳುಳ್ಳಿ ಕಪ್ಪಾಗದಿದ್ದರೆ ವಿಷವಿಲ್ಲ ಎನ್ನುತ್ತಾರೆ. ನಿಜವೇ ಡಾಕ್ಟ್ರೇ?
– ಓದುಗರು, ಬೆಂಗಳೂರು

ಉತ್ತರ: ನಿಜವಲ್ಲ. ಬೆಳ್ಳುಳ್ಳಿ, ಬೆಳ್ಳಿ ನಾಣ್ಯ, ಅರಿಸಿನ, ಅಕ್ಕಿಕಾಳು, ಇವು ಯಾವುವೂ ಅಣಬೆಯ ವಿಷವನ್ನು ತೋರಿಸಿಕೊಡುವುದಿಲ್ಲ. ಬಸವನಹುಳು ಕಡಿದಿದೆ, ಮಂಗ ತಿಂದಿದೆ, ಆದ್ದರಿಂದ ನಾವೂ ತಿನ್ನಬಹುದು ಎಂಬ ಮಾತನ್ನೂ ನಂಬಬೇಡಿ. ಪ್ರಾಣಿಗಳಿಗೆ ದಕ್ಕಿದ್ದೆಲ್ಲ ನಮಗೆ ದಕ್ಕುವುದಿಲ್ಲ. ಹುಣಸೆಹುಳಿ ಹಾಕಿ ಚೆನ್ನಾಗಿ ಕುದಿಸಿದರೆ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. ಅಣಬೆಯ ವಿಷಗಳಲ್ಲೇ ಘೋರವಾದ ಅಮಟಾಕ್ಸಿನ್ ಕುದಿಸಿದರೂ, ಒಣಗಿಸಿದರೂ, ಫ್ರಿಜ್ಜಿನಲ್ಲಿಟ್ಟರೂ ಹಾಗೆಯೇ ಉಳಿಯುತ್ತದೆ. ರುಚಿಯಲ್ಲೂ ಅದರ ಸುಳಿವು ಸಿಗುವುದಿಲ್ಲ.

ನಿಮಗೆ ಬಡಿಸಿದ ಆ ಅಮ್ಮ ಇಂಥ ಯಾವ ಪರೀಕ್ಷೆಯನ್ನೂ ಮಾಡಿರುವುದಿಲ್ಲ. ಯಾವ ಹುತ್ತದಲ್ಲಿ, ಯಾವ ಮಳೆಗೆ, ಯಾವ ಅಣಬೆ ಏಳುತ್ತದೆ ಎಂಬುದನ್ನು ಅವರು ಚಿಕ್ಕಂದಿನಿಂದ ಕಂಡಿದ್ದಾರೆ. ಹುತ್ತದ ಅಣಬೆಯನ್ನು ಬೆಳೆಸುವುದು ಗೆದ್ದಲು. ಜಗಿದ ಸೊಪ್ಪು-ಸೌದೆಯ ಚೂರಿನಿಂದ ಗೂಡು ಕಟ್ಟಿ, ಅದರ ಮೇಲೆ ಬೂಷ್ಟು ಬೆಳೆಸಿಕೊಂಡು ಉಣ್ಣುತ್ತದೆ. ಮಳೆ ಬಿದ್ದು ನೆಲ ನೆನೆದ ಮೇಲೆ ಅದೇ ಬೂಷ್ಟು ಮಣ್ಣು ಸೀಳಿ ಎದ್ದು ಕೊಡೆ ಬಿಚ್ಚುತ್ತದೆ. ಹಾಗಾಗಿ ಅದರ ದಂಟು ನೆಲದೊಳಕ್ಕೆ ಉದ್ದಕ್ಕೆ ಇಳಿದು ಗೆದ್ದಲ ಗೂಡನ್ನು ಮುಟ್ಟಿರುತ್ತದೆ. ಕೊಡೆಯ ನೆತ್ತಿಯಲ್ಲಿ ಮೊನಚಾದ ಗುಬುಟು ಇರುತ್ತದೆ, ಬಲಿತಾಗ ಅಡಿಭಾಗ ನಸುಗೆಂಪಿಗೆ ತಿರುಗುತ್ತದೆ. ಅಮನೀಟ ಎಂಬ ವಿಷದ ಕುಲದಲ್ಲಾದರೆ ಬುಡಕ್ಕೆ ಚೀಲದಂಥ ಪೊರೆ ಇರುತ್ತದೆ. ಅವಸರದಲ್ಲಿ ಕೊಡೆಯನ್ನಷ್ಟೇ ಮುರಿದು ತಂದವರಿಗೆ ಆ ಚೀಲ ಕಾಣುವುದೇ ಇಲ್ಲ, ಅದು ಮಣ್ಣಿನಲ್ಲೇ ಉಳಿದಿರುತ್ತದೆ. ಮೊಗ್ಗಿನಲ್ಲಂತೂ ಗುರುತು ಹಿಡಿಯುವುದು ಇನ್ನೂ ಕಷ್ಟ.

ಹೋಂಸ್ಟೇಯ ಹುಲ್ಲುಹಾಸಿನಲ್ಲಿ, ಗೊಬ್ಬರ ಹಾಕಿದ ಜಾಗದಲ್ಲಿ ಏಳುವ ದೊಡ್ಡ ಬಿಳಿ ಅಣಬೆಯೊಂದಿದೆ. ಕೊಡೆಯ ಮೇಲೆ ಕಂದು ಚಕ್ಕೆಗಳಿರುತ್ತವೆ. ಬಲಿತ ಮೇಲೆ ಅಡಿಭಾಗ ಹಸಿರಾಗುತ್ತದೆ, ಎಳೆಯದರಲ್ಲಿ ಅಚ್ಚ ಬಿಳಿ. ನೋಡಲು ಬಲು ಚೆಂದ, ತಿಂದರೆ ಒಂದೆರಡು ಗಂಟೆಯಲ್ಲಿ ಕರುಳು ಕಿತ್ತು ಬರುವಂಥ ವಾಂತಿ-ಭೇದಿ.

ಇಷ್ಟೆಲ್ಲ ಬರೆದದ್ದು ನೀವು ಓದಿಕೊಂಡು ಕೀಳಲಿ ಎಂದಲ್ಲ. ಲೇಖನ ಓದಿ, ಮೊಬೈಲಿನ ಆ್ಯಪ್ ನೋಡಿ ಅಣಬೆ ಗುರುತಿಸಬೇಡಿ. ಹೋಂಸ್ಟೇಯ ಮನೆಯವರ ಜೊತೆ ಬೆಟ್ಟಕ್ಕೆ ಹೋಗಿ, ಅವರು ಕಿತ್ತದ್ದನ್ನು ಮಾತ್ರ ತಿನ್ನಿ. ಅವರೇ ಒಂದು ಕ್ಷಣ ಅನುಮಾನಿಸಿದರೆ ಅದನ್ನು ಬಿಟ್ಟುಬಿಡಿ. ಬೇರೆ ಸೀಮೆಯಿಂದ ಬಂದ ಅಡುಗೆಯವರು ‘ನಮ್ಮೂರಲ್ಲೂ ಇದನ್ನು ತಿನ್ನುತ್ತೇವೆ’ ಎಂದರೆ ಅದು ಸಾಲದು. ಒಂದು ಊರಿನ ಅಣಬೆಯ ತಿಳಿವಳಿಕೆ ಇನ್ನೊಂದು ಊರಿಗೆ ನಡೆಯುವುದಿಲ್ಲ.

ಪ್ರಶ್ನೆ: ನಮ್ಮ ಯಜಮಾನರು ಒಂದು ರಾತ್ರಿ ಅಣಬೆ ಪಲ್ಯ ಉಂಡು ಮಲಗಿದರು. ಮರುದಿನ ಬೆಳಗಾದ ಮೇಲೆ ವಾಂತಿ-ಭೇದಿ ಶುರುವಾಯಿತು. ಅಷ್ಟು ಹೊತ್ತಾದ ಮೇಲೆ ಬಂದದ್ದಲ್ಲವಾ, ಅಣಬೆಯಿಂದ ಇರಲಿಕ್ಕಿಲ್ಲ ಅಂದುಕೊಂಡೆವು. ಮಜ್ಜಿಗೆ ಕುಡಿದು ಸುಧಾರಿಸಿಕೊಂಡರು. ಆಸ್ಪತ್ರೆಗೆ ಹೋಗಲೇಬೇಕಿತ್ತೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಹೋಗಲೇಬೇಕಿತ್ತು ತಾಯಿ. ಅವರು ಚೆನ್ನಾಗಿದ್ದಾರೆ ಎಂಬುದು ಸಂತೋಷ. ಆದರೆ ನಿಮ್ಮ ಲೆಕ್ಕ ತಲೆಕೆಳಗಾಗಿತ್ತು. ಈ ಅಂಕಣದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ಇಡಿ: ತಿಂದ ಒಂದೆರಡು ಗಂಟೆಯಲ್ಲಿ ಬರುವ ವಾಂತಿಗಿಂತ ಆರು ಗಂಟೆ ಕಳೆದ ಮೇಲೆ ಬರುವ ವಾಂತಿ ಹೆಚ್ಚು ಅಪಾಯ.

ಅಮಟಾಕ್ಸಿನ್ ಕೆಲಸ ಮಾಡುವ ರೀತಿಯೇ ಹಾಗೆ. ತಿಂದ 6ರಿಂದ 24 ಗಂಟೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ನೀರಿನಂಥ ಭೇದಿ, ವಾಂತಿ, ಹೊಟ್ಟೆನುಲಿತ. ಎರಡನೇ ದಿನ ಎಲ್ಲ ನಿಂತು ರೋಗಿ ಎದ್ದು ಕೂರುತ್ತಾನೆ, ಗಂಜಿ ಕೇಳುತ್ತಾನೆ. ಮನೆಯವರು ನಿಟ್ಟುಸಿರು ಬಿಡುವುದೂ ಆಗಲೇ. ಅದೇ ಹೊತ್ತಿನಲ್ಲಿ ಒಳಗೆ ಯಕೃತ್ತಿನ ಜೀವಕೋಶಗಳು ಹೊಸ ಪ್ರೋಟೀನ್ ತಯಾರಿಸಲಾಗದೆ ಸಾಯುತ್ತಿರುತ್ತವೆ. ಮೂರನೆಯ ದಿನದ ಹೊತ್ತಿಗೆ ಕಣ್ಣು ಹಳದಿಯಾಗಿ, ಮಂಪರು ಹತ್ತಿದರೆ, ಕೆಲವರಿಗೆ ಯಕೃತ್ತಿನ ಕಸಿ ಬಿಟ್ಟು ಬೇರೆ ದಾರಿ ಇರುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡಣಬೆ ತಿಂದು 13 ಜನ ತೀರಿಕೊಂಡರು. ಅವರಲ್ಲಿ ಬಹುಪಾಲು ಚಹಾ ತೋಟಗಳ ಬಡ ಕುಟುಂಬದವರು. ನೆನೆದಾಗಲೆಲ್ಲ ಸಂಕಟವಾಗುತ್ತದೆ.

ಹಾಗಾಗಿ ಅಣಬೆ ಊಟದ ಹೊತ್ತು, ಮೊದಲ ವಾಂತಿಯ ಹೊತ್ತು, ಎರಡನ್ನೂ ಬರೆದಿಟ್ಟುಕೊಳ್ಳಿ. 108ಕ್ಕೆ ಫೋನ್ ಮಾಡಿ. ಹುಂಚದ ಕಡೆಯವರಾದರೆ ಮೊದಲು ಹೊಸನಗರದ ತಾಲ್ಲೂಕು ಆಸ್ಪತ್ರೆ ಮುಟ್ಟಿ, ತಡವಾಗಿ ಶುರುವಾದ ವಾಂತಿಯಾದರೆ ಶಿವಮೊಗ್ಗದ ಮೆಗ್ಗಾನ್‌ನಂಥ ದೊಡ್ಡ ಆಸ್ಪತ್ರೆಗೆ ಕಳುಹಿಸಿ ಎಂದು ನೀವೇ ಕೇಳಿ. ಉಳಿದ ಅಣಬೆ ಹಸಿಯಿದ್ದರೂ ಬೆಂದದ್ದಿದ್ದರೂ ಕಾಗದದಲ್ಲಿ ಸುತ್ತಿ ಒಯ್ಯಿರಿ. ಏನೂ ಉಳಿದಿಲ್ಲವೆಂದರೆ ಕಿತ್ತ ಜಾಗದಿಂದ ಬುಡಸಮೇತ ಒಂದನ್ನು ತರಿಸಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ, ಎಚ್ಚರವಿದ್ದರೆ ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಬಹುದು. ಒಂದೇ ಪಾತ್ರೆಯಲ್ಲಿ ಉಂಡವರೆಲ್ಲ ಹೊರಡಬೇಕು, ‘ನನಗೇನೂ ಆಗಿಲ್ಲ’ ಎನ್ನುವವರೂ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಅಲ್ಲಿ ವೈದ್ಯರಿಗೂ ಸಲಹೆ ಸಿಗುತ್ತದೆ.

ಬೇಗ ಶುರುವಾಯಿತೆಂದು ಉದಾಸೀನವೂ ಸಲ್ಲದು. ತಿಂದ ಸ್ವಲ್ಪ ಹೊತ್ತಿಗೇ ಬೆವರು, ಜೊಲ್ಲು, ಕಣ್ಣೀರು ಒಟ್ಟಿಗೆ ಸುರಿದು ನಾಡಿ ನಿಧಾನವಾದರೆ ಅದು ಮಸ್ಕರಿನ್ ಎಂಬ ಬೇರೆ ವಿಷ. ಅದಕ್ಕೆ ಅಟ್ರೋಪಿನ್ ಇಂಜೆಕ್ಷನ್ ಇದೆ.

ಪ್ರಶ್ನೆ: ಕಾಡಿನಲ್ಲಿ ಅಣಬೆ ಕೀಳಲು ಯಾರ ಅಪ್ಪಣೆಯಾದರೂ ಬೇಕೇ? ಹಾವು, ಉಂಬಳದ ಭಯವೂ ಇದೆ.
– ಓದುಗರು, ಹುಬ್ಬಳ್ಳಿ

ಉತ್ತರ: ಬೇಕು. ಶೆಟ್ಟಿಹಳ್ಳಿ, ಶರಾವತಿ ಕಣಿವೆಯಂಥ ಅಭಯಾರಣ್ಯದೊಳಗೆ ಅಣಬೆಗೆಂದು ಕಾಲಿಡಲೇಬೇಡಿ. ಸೊಪ್ಪಿನ ಬೆಟ್ಟವಾದರೆ ಅದನ್ನು ನೋಡಿಕೊಳ್ಳುವ ಮನೆಯವರನ್ನು ಕೇಳಿ. ಅಲ್ಲಿನ ಅಣಬೆಯನ್ನು ಕಿತ್ತು ರಸ್ತೆ ಬದಿಯಲ್ಲಿ ಮಾರಿ ನಾಲ್ಕು ಕಾಸು ಕಾಣುವ ಹೆಂಗಸರಿರುತ್ತಾರೆ. ಪ್ರವಾಸಿಗಳು ಬುಟ್ಟಿಗಟ್ಟಲೆ ಬಾಚಿಕೊಂಡು ಹೋಗುವುದು ನನಗೆ ಸರಿಕಾಣುವುದಿಲ್ಲ. ಆ ಹೆಂಗಸರಿಂದ ಕೊಂಡು, ಹೋಂಸ್ಟೇಯ ಮನೆಯವರಿಗೆ ತೋರಿಸಿ ತಿನ್ನಿ. ಹುತ್ತವನ್ನಂತೂ ಅಗೆಯಬಾರದು. ಗೆದ್ದಲ ಗೂಡು ಹಾಳಾದರೆ ಮುಂದಿನ ವರ್ಷ ಅಲ್ಲಿ ಅಣಬೆ ಏಳದೇ ಹೋಗಬಹುದು. ಒಳಗೆ ಹಾವೂ ಇರಬಹುದು, ಬಿಲಕ್ಕೆ ಕೈ ಹಾಕಬೇಡಿ. ಉಂಬಳ ಕಚ್ಚಿದರೆ ಸೋಪಿನಲ್ಲಿ ತೊಳೆದರಾಯಿತು.

ಉಂಬಳಕ್ಕಿಂತ ಹೆಚ್ಚು ಹೆದರಬೇಕಾದ್ದು ಉಣುಗಿಗೆ. ಅದು ಹರಡುವ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಇದೇ ಶಿವಮೊಗ್ಗ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರದ ಅರಲಗೋಡು ಅದರಿಂದ ತತ್ತರಿಸಿತು. ಮಳೆ ಹಿಡಿದ ಮೇಲೆ ಕಡಿಮೆಯಾಗುತ್ತದೆ, ಆದರೆ ಮೇ ತಿಂಗಳ ಮೊದಲ ಗುಡುಗುಮಳೆಗೆ ಬೆಟ್ಟ ಹತ್ತುವವರು ಮೈಕೈಗೆ ಉಣುಗು ತಡೆಯುವ ಎಣ್ಣೆ ಹಚ್ಚಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಇನ್ನೊಂದು ಮಾತು. ಜೈನರು ಅಣಬೆ ತಿನ್ನುವುದಿಲ್ಲ. ಹುಂಚದ ಬಸದಿಯ ಆವರಣಕ್ಕಾಗಲಿ ಅಲ್ಲಿನ ವಸತಿಗೃಹಕ್ಕಾಗಲಿ ಅಣಬೆ ಚೀಲ ಒಯ್ಯಬೇಡಿ.

ಪ್ರಶ್ನೆ: ಎರಡು ವರ್ಷದ ಮಗುವಿಗೆ ಕಾಡಣಬೆ ಕೊಡಬಹುದೇ? ಊರಿಗೂ ಸ್ವಲ್ಪ ಒಯ್ಯುವ ಆಸೆ.
– ಓದುಗರು, ಸಾಗರ

ಉತ್ತರ: ಮಗುವಿಗೆ ಬೇಡ. ಗರ್ಭಿಣಿಯರಿಗೆ, ಯಕೃತ್ತಿನ ಕಾಯಿಲೆ ಇರುವವರಿಗೆ ಕೂಡ ಬೇಡ. ದೊಡ್ಡವರೂ ಮೊದಲ ಸಲ ಸ್ವಲ್ಪವೇ, ಚೆನ್ನಾಗಿ ಬೇಯಿಸಿ ತಿನ್ನಿ. ಆ ದಿನ ಮದ್ಯ ಬೇಡ, ಕೆಲವು ಅಣಬೆಗಳು ಮದ್ಯದೊಂದಿಗೆ ಸೇರಿದಾಗಲೇ ಎದೆ ಹೊಡೆದುಕೊಳ್ಳುವಂತೆ ಮಾಡುತ್ತವೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಸ್ಸಿನಲ್ಲಿ ಒಯ್ದರೆ ಒಳ್ಳೆಯ ಅಣಬೆಯೂ ಬೆವೆತು ಕೊಳೆಯುತ್ತದೆ. ಒಯ್ಯುವುದಾದರೆ ಬಾಳೆಲೆಯಲ್ಲಿ ಸಡಿಲವಾಗಿ ಸುತ್ತಿ, ಅದೇ ದಿನ ಅಡುಗೆ ಮಾಡಿ. ಹುಳು ಬಿದ್ದಿದ್ದರೆ, ವಾಸನೆ ಬಂದಿದ್ದರೆ ಎಸೆಯಿರಿ.